ನಾಲ್ಕು ಬೆರಳು ಗಿಡ್ಡವಾದ ಸರಪಳಿ

ನಾನು ನಿಂತಿದ್ದದ್ದು ಕಾಲೇಜು ಮೈದಾನದ ನಡುವೆ, ಪಶ್ಚಿಮದ ಗೋಲಿನಿಂದ ಮೂವತ್ತೊಂದು ಗಜ ದೂರದಲ್ಲಿ, ಪೂರ್ವಕ್ಕೆ ಮುಖ ಮಾಡಿ. ನನ್ನ ಎಡಗಾಲಿನ ಬೂಟಿನಿಂದ ಒಂದು ಗೇಣು ಆಚೆ ಚೆಂಡು ಇತ್ತು. ಬಲಗೈಯಲ್ಲಿ ಎದೆಮಟ್ಟದ ಕಿತ್ತಳೆ ಬಣ್ಣದ ಕೋಲು. ಅಕ್ಟೋಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ ಹನ್ನೊಂದು ನಿಮಿಷ. ಹೊತ್ತು ನೋಡಿದ್ದು ಮೈದಾನದ ಗಡಿಯಾರದಲ್ಲಲ್ಲ, ಅದು ಆ ವರ್ಷವೆಲ್ಲ ಕೆಟ್ಟಿತ್ತು, ನನ್ನ ಕೈಗಡಿಯಾರದಲ್ಲಿ. ಅದು ತಿಂಗಳಿಗೆ ಎರಡು ಸೆಕೆಂಡು ಮುಂದೆ ಓಡುತ್ತದೆ. ಆ ಎರಡು ಸೆಕೆಂಡನ್ನು ಕಳೆದೇ ಹೇಳುತ್ತಿದ್ದೇನೆ.

ನನ್ನ ಕೋಲಿನ ಬುಡದಿಂದ ಹೊರಟ ಉಕ್ಕಿನ ಸರಪಳಿ ಪಾದದ ಗಂಟಿನೆತ್ತರದಲ್ಲಿ ಬಿಗಿಯಾಗಿ ನಿಂತಿತ್ತು. ಅದರ ಆಚೆ ತುದಿಯ ಕೋಲನ್ನು, ಟ್ರಾಮ್ ಓಡಿಸಿ ನಿವೃತ್ತರಾಗಿದ್ದ ಒಬ್ಬ ಹಿರಿಯರು ಹಿಡಿದಿದ್ದರು. ನಮ್ಮಿಬ್ಬರ ನಡುವೆ, ಅವರ ಕಡೆಗೆ ಹೆಚ್ಚು ಹತ್ತಿರವಾಗಿ, ಸರಪಳಿಯಿಂದ ಒಂದು ಸಣ್ಣ ಕುಣಿಕೆ ಕೆಳಗೆ ನೇತಾಡುತ್ತಿತ್ತು. ಕುಣಿಕೆಯ ಕುತ್ತಿಗೆಗೆ ಹಳದಿ ದಾರ. ದಾರ ಕಟ್ಟಿದವನು ನಾನು.

ಅದನ್ನು ಕಂಡ ಮೇಲೆ ಆರು ಸೆಕೆಂಡು ನಾನು ಬಾಯಿ ತೆರೆಯಲಿಲ್ಲ. ಆ ಆರು ಸೆಕೆಂಡಿನಲ್ಲಿ ಒಂದು ಕಾಲೇಜು ತಂಡ ಮುಗಿದುಹೋಯಿತು. ಹೇಗೆಂದು ನಿಧಾನವಾಗಿ ಹೇಳುತ್ತೇನೆ. ನನಗೆ ಬೇರೆ ರೀತಿ ಬರುವುದಿಲ್ಲ.

ಆಟ ಅಮೆರಿಕನ್ ಫುಟ್‌ಬಾಲ್. ಹೆಸರಿನಲ್ಲಿ ಕಾಲಿದ್ದರೂ ಚೆಂಡನ್ನು ಕೈಯಲ್ಲಿ ಅಪ್ಪಿಕೊಂಡು ಓಡುತ್ತಾರೆ, ಎದುರಿನವರು ಕೆಡವುತ್ತಾರೆ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಆ ಹತ್ತು ಗಜ ಎಲ್ಲಿಂದ ಎಲ್ಲಿಗೆ ಎಂದು ತೋರಿಸಲು ಮೈದಾನದ ಅಂಚಿನಲ್ಲಿ ಇಬ್ಬರು, ಎರಡು ಕೋಲುಗಳ ನಡುವೆ ಹತ್ತು ಗಜದ ಸರಪಳಿ ಹಿಡಿದು ನಿಂತಿರುತ್ತಾರೆ. ಅನುಮಾನ ಬಂದಾಗ ರೆಫರಿ ಸರಪಳಿಯನ್ನು ಒಳಗೆ ಕರೆಸಿ, ಎಳೆದು ಹಿಡಿದು ನೋಡುತ್ತಾರೆ. ಚೆಂಡಿನ ಮೂತಿ ಮುಂದಿನ ಕೋಲನ್ನು ಮುಟ್ಟಿತೋ, ಗೆದ್ದರು. ಸರಪಳಿಯನ್ನೂ ಅದನ್ನು ಹಿಡಿಯುವವರನ್ನೂ ಒದಗಿಸುವುದು ಆತಿಥೇಯ ತಂಡದ ಜವಾಬ್ದಾರಿ. ಇಷ್ಟು ಗೊತ್ತಿದ್ದರೆ ನನ್ನ ಪಾಪ ಅರ್ಥವಾಗುತ್ತದೆ.

ಇನ್ನು ನನ್ನ ಉದ್ಯೋಗ. ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೋ ಇಲ್ಲವೋ ಎಂದು ಅಳೆಯುವುದು. ಫ್ರಾಂಕ್‌ಫರ್ಟಿನ ದಕ್ಷಿಣಕ್ಕಿರುವ ಒಂದು ಊರಿನ ಕಂಪನಿಯಲ್ಲಿ ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹುಬ್ಬಳ್ಳಿಗೆ ಹೆಣ್ಣು ನೋಡಲು ಹೋದಾಗ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, ನಿಮ್ಮ ಗೋಡೆ ಗಡಿಯಾರ ಮೂರು ನಿಮಿಷ ಹಿಂದಿದೆ ಎಂದು ಮಾವನವರಿಗೆ ತಿಳಿಸಿದವನು ನಾನು. ಹೆಂಡತಿ ಇದನ್ನು ಮನೆಗೆ ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾಳೆ. ಎರಡು ನಿಮಿಷ ನಲವತ್ತು ಸೆಕೆಂಡು ಎಂದು ನಾನು ತಿದ್ದುತ್ತೇನೆ.

ನನ್ನನ್ನು ಮೈದಾನಕ್ಕೆ ಎಳೆದವನು ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಮೈಸೂರಿನವನು. ಇಲ್ಲಿನ ಕಾಲೇಜಿನಲ್ಲಿ ಮಾಸ್ಟರ್ಸ್ ಓದುತ್ತಿದ್ದ, ಆರಡಿಗೆ ಮೇಲೆ ಎತ್ತರ, ಬಾಗಿಲಷ್ಟು ಅಗಲ. ತಂಡದಲ್ಲಿ ಮುಂದಿನ ಸಾಲಿನಲ್ಲಿ ನಿಂತು ಎದುರಿನವರನ್ನು ತಳ್ಳುವುದು ಅವನ ಪಾಲಿನ ಕೆಲಸ. ಭಾನುವಾರ ನಮ್ಮಲ್ಲಿ ಊಟ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನಾದರೂ ನನ್ನನ್ನು ‘ಗುರು’ ಎಂದೇ ಕರೆಯುವುದು, ಏಕವಚನದಲ್ಲಿ. ಹೆಂಡತಿಯನ್ನು ಮಾತ್ರ ‘ಅಕ್ಕ’ ಎನ್ನುತ್ತಿದ್ದ, ಬಹುವಚನದಲ್ಲಿ. ಅನ್ನ ಯಾರು ಬಡಿಸುತ್ತಾರೆಂದು ಅವನಿಗೆ ಗೊತ್ತಿತ್ತು.

“ಗುರು, ಶನಿವಾರ ಫ್ರೀನಾ?” ಎಂದು ಒಂದು ಭಾನುವಾರ ಕೇಳಿದ.

“ಯಾಕೆ?”

“ಚೈನ್ ಹಿಡಿಯೋಕೆ ಒಬ್ರು ಬೇಕು. ಓಡೋದಿಲ್ಲ, ಬೀಳೋದಿಲ್ಲ. ಹೇಳ್ದಾಗ ನಾಕ್ ಹೆಜ್ಜೆ ನಡಿಬೇಕು, ಆಮೇಲೆ ನಿಂತ್ಕೋಬೇಕು. ನಿನ್ ಥರದವ್ರಿಗೇ ಮಾಡ್ಸಿರೋ ಕೆಲ್ಸ.”

“ನನ್ನ ಥರ ಅಂದ್ರೆ?”

“ನಿಂತ್ರೆ ನಿಂತೇ ಇರೋರು.”

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ಕರಕೊಂಡು ಹೋಗೋ ತಮ್ಮಾ, ಪುಣ್ಯಾ ಬರ್ತದ. ಶನಿವಾರ ಮನ್ಯಾಗ ಕುಂತ್ರ ಡಬ್ಬಿಯೊಳಗಿನ ಬ್ಯಾಳಿ ತೂಕಾ ಮಾಡ್ತಾರ.”

ಹೀಗೆ ಹೋದೆ. ಮೊದಲ ದಿನವೇ ಕೋಚನ್ನು ಕೇಳಿದ ಮೊದಲ ಪ್ರಶ್ನೆ, ಈ ಸರಪಳಿಗೆ ಅಳತೆಯ ಪ್ರಮಾಣಪತ್ರ ಇದೆಯೇ ಎಂದು. ಕೋಚ್ ಎಪ್ಪತ್ತಕ್ಕೆ ಹತ್ತಿರದ, ಒಣಕಲು ಮೈಯ, ಬೆನ್ನು ಸ್ವಲ್ಪ ಬಾಗಿದ ಜರ್ಮನ್. ಅದೇ ಕಾಲೇಜಿನ ಪ್ರಯೋಗಾಲಯದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನನ್ನನ್ನು ಒಂದು ಕ್ಷಣ ನೋಡಿದರು. ನಗಲಿಲ್ಲ. ಸಾಮಾನಿನ ಕೋಣೆಗೆ ಕರೆದುಕೊಂಡು ಹೋಗಿ, ಮೂರು ದಪ್ಪ ಫೈಲುಗಳಲ್ಲಿ ಒಂದನ್ನು ತೆಗೆದು, ಸರಪಳಿ ಕೊಂಡಾಗಿನ ಕಾಗದ ತೋರಿಸಿದರು.

“ಇಷ್ಟು ವರ್ಷದಲ್ಲಿ ಇದನ್ನು ಕೇಳಿದ ಮೊದಲನೆಯವನು ನೀನು,” ಎಂದರು.

ಆ ಮೈದಾನದಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುತ್ತಿದ್ದರು, ಹದಿನೆಂಟು ವರ್ಷದ ಆಟಗಾರರೂ ಕೋಚನ್ನು. ನನ್ನ ಬಾಯಿಗೆ ಮಾತ್ರ ಅದು ಕೊನೆಯವರೆಗೂ ಬರಲಿಲ್ಲ.

ಆ ಮೂರು ಫೈಲುಗಳೇ ತಂಡದ ಚರಿತ್ರೆ. ಆ ಬೇಸಗೆಯಲ್ಲಿ ಅವನ್ನು ನಾನು ಪೂರ್ತಿ ಓದಿದೆ. ಪ್ರತಿ ಕಾಗದಕ್ಕೂ ರಂಧ್ರ ಹೊಡೆದು, ಕ್ರಮದಲ್ಲಿ ಪೋಣಿಸಿದ್ದರು. ಕೋಚ್ ಬೆಳೆದದ್ದು ಊರ ಹೊರಗಿನ ಅಮೆರಿಕನ್ ಸೈನಿಕರ ಬಿಡಾರದ ಪಕ್ಕದ ಬೀದಿಯಲ್ಲಿ. ಬೇಲಿಯಾಚೆಯಿಂದ ಒಂದು ದಿನ ಮೊಟ್ಟೆಯಾಕಾರದ ಚೆಂಡು ಬಂದು ಇವರ ಮನೆಯ ಗುಲಾಬಿ ಗಿಡಕ್ಕೆ ಬಿತ್ತಂತೆ. ಇವರು ಕಾಲಿನಿಂದ ಒದ್ದು ವಾಪಸ್ಸು ಕಳಿಸಿದರು. ಒಬ್ಬ ಸೈನಿಕ ಮತ್ತೆ ಎಸೆದ. ಹೇಗೆ ಹಿಡಿಯಬೇಕೆಂದು ಬೇಲಿಯ ತಂತಿಯ ಮೂಲಕ ಬೆರಳುಗಳನ್ನು ತೋರಿಸಿದ. ಕಾಲೇಜಿಗೆ ಕೆಲಸಕ್ಕೆ ಬಂದ ಮೇಲೆ ಇವರು ಗೆಳೆಯರನ್ನು ಸೇರಿಸಿ ತಂಡ ಕಟ್ಟಿದರು. ಮೊದಲ ಹೆಲ್ಮೆಟ್ಟುಗಳು ಸೈನಿಕರು ಬಳಸಿ ಬಿಟ್ಟವು. ಒಳಗೆ ಬೇರೆಯವರ ಹೆಸರು, ಬೇರೆಯವರ ಬೆವರಿನ ವಾಸನೆ. ಎರಡನೆಯ ಫೈಲಿನ ನಡುಭಾಗದಲ್ಲಿ ಒಳ್ಳೆಯ ವರ್ಷಗಳಿವೆ: ಜನ ಹುಲ್ಲಿನ ಮೇಲೆ ಕೂತ ಫೋಟೋಗಳು, ಆಟದ ಅರ್ಧಕ್ಕೇ ಸಾಸೇಜು ಮುಗಿದುಹೋಯಿತು ಎಂಬ ಒಂದು ದೂರು. ಆಮೇಲೆ ಸೈನಿಕರು ಊರು ಬಿಟ್ಟರು. ಮೂರನೆಯ ಫೈಲಿನಲ್ಲಿ ಕಾಗದ ತೆಳ್ಳಗಾಗುತ್ತ ಬರುತ್ತದೆ. ಆಟಗಾರರ ಪಟ್ಟಿ ಗಿಡ್ಡವಾಗುತ್ತದೆ, ನಿಯಮಗಳ ಪಟ್ಟಿ ಉದ್ದವಾಗುತ್ತದೆ: ಮೈದಾನದಲ್ಲಿ ವೈದ್ಯರು ಇರಲೇಬೇಕು, ಆಂಬುಲೆನ್ಸ್ ನಿಂತಿರಲೇಬೇಕು. ಕೊನೆಯಲ್ಲಿ ಕಾಲೇಜಿನಿಂದ ಎರಡು ಸಾಲಿನ ಪತ್ರ. ತಂಡ ಈ ವರ್ಷ ಇದೇ ದರ್ಜೆಯ ಲೀಗಿನಲ್ಲಿ ಉಳಿದುಕೊಂಡರೆ ಮುಂದುವರಿಯಬಹುದು. ಕೆಳಗಿನ ದರ್ಜೆಗೆ ಬಿದ್ದರೆ ಮೈದಾನದ ಹೊತ್ತನ್ನು ಬೇರೆ ಆಟಕ್ಕೆ ಕೊಡಲಾಗುವುದು.

ಆ ಪತ್ರಕ್ಕೂ ಕೋಚ್ ಅಚ್ಚುಕಟ್ಟಾಗಿ ಎರಡು ರಂಧ್ರ ಹೊಡೆದಿದ್ದರು.

ಉಳಿಯುವುದು ಬೀಳುವುದು ಕೊನೆಯ ಒಂದು ಪಂದ್ಯಕ್ಕೆ ಬಂದು ನಿಂತಿತು. ಗೆದ್ದರೆ ತಂಡ ಇರುತ್ತದೆ, ಸೋತರೆ ಇಲ್ಲ. ಆ ಶನಿವಾರ ವಿಜಯದಶಮಿ. ಹಿಂದಿನ ದಿನ ಆಯುಧಪೂಜೆ. ಇದನ್ನು ನಾನು ಶುಭಶಕುನ ಎಂದು ತಿಳಿದೆ. ಶಕುನವನ್ನು ಅಳೆಯುವ ಉಪಕರಣ ನಮ್ಮ ಕಂಪನಿಯಲ್ಲಿಲ್ಲ.

ತುಕ್ಕು ತೆಗೆದು ಎಣ್ಣೆ ಒರೆಸಲೆಂದು ಗುರುವಾರ ಸರಪಳಿಯನ್ನು ಮನೆಗೆ ತಂದಿದ್ದೆ. ನೆಲಮಾಳಿಗೆಯ ಓಣಿಯಲ್ಲಿ ಉದ್ದಕ್ಕೆ ಹಾಸಿ ಅಳೆದೆ. ಒಂಬತ್ತು ಮೀಟರ್ ಹದಿನಾಲ್ಕು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್. ಹತ್ತು ಗಜ ಅಂದರೆ ಸರಿಯಾಗಿ ಅಷ್ಟೇ. ಶುಕ್ರವಾರ ಸಂಜೆ ದೇವರ ಕಪಾಟಿನ ಮುಂದೆ ಪೂಜೆಗೆ ಇಟ್ಟದ್ದು: ಹೆಂಡತಿಯ ಲ್ಯಾಪ್‌ಟಾಪು, ಮಿಕ್ಸರು, ಕಾರಿನ ಕೀಲಿಕೈ, ನನ್ನ ಅಳತೆಪಟ್ಟಿ. ಒಂಬತ್ತು ಮೀಟರಿನ ಸರಪಳಿ ನಮ್ಮ ನಡುಮನೆಯಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಮಡಿಸಿ ಮಡಿಸಿ ಸಿಂಬಿಯಂತೆ ಇಟ್ಟೆ.

“ಇದೇನ್ರೀ, ಬಾವಿ ಕೊಡಾ ಎತ್ತೋ ಸರಪಳಿ ತಂದಂಗ ತಂದೀರಿ,” ಎಂದಳು ಹೆಂಡತಿ.

“ಇವತ್ತಿಗೆ ಇದೂ ಆಯುಧವೇ.”

“ಹಂಗಾರ ಬರೇ ಕುಂಕುಮ ಸಾಲದು. ತಗೋರಿ, ಕಟ್ರಿ.” ಅರಿಶಿನದ ದಾರ, ಒಂದು ಕೊಂಬು, ಫ್ರಾಂಕ್‌ಫರ್ಟಿನ ಅಂಗಡಿಯಿಂದ ತಂದಿದ್ದ ವೀಳ್ಯದೆಲೆ ಕೈಗೆ ಕೊಟ್ಟಳು.

ಎಲೆಯಲ್ಲಿ ಕೊಂಬು ಸುತ್ತಿ, ಸಿಂಬಿಯ ಮೇಲಿನ ಮಡಿಕೆಗೆ ದಾರವನ್ನು ಮೂರು ಸುತ್ತು ತಂದು ಮೂರು ಗಂಟು ಹಾಕಿದೆ. ನಾನು ಹಾಕಿದ ಗಂಟು ಬಿಚ್ಚಿಕೊಳ್ಳುವುದಿಲ್ಲ. ಮಡಿಕೆ ಎಂದರೆ ಸರಪಳಿ ಹೋಗಿ ತಿರುಗಿ ಬರುವ ಜಾಗ. ಅಲ್ಲಿ ಎರಡು ಎಳೆ ಇರುತ್ತವೆ. ಎರಡನ್ನೂ ಸೇರಿಸಿ ಕಟ್ಟಿದರೆ ಏನಾಗುತ್ತದೆಂದು ಲಂಗದ ಲಾಡಿ ಕಟ್ಟುವ ಮಗುವಿಗೂ ಗೊತ್ತು. ನನಗೆ ಆಗ ಹೊಳೆಯಲಿಲ್ಲ. ಕಟ್ಟಿದ ಮೇಲೆ ಮತ್ತೊಮ್ಮೆ ಅಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟಬಾರದು, ಬಳಸಬಾರದು. ಅದು ವಿಶ್ರಾಂತಿಯ ದಿನ. ಅಳತೆಪಟ್ಟಿಯೂ ಪೂಜೆಯಲ್ಲೇ ಕೂತಿತ್ತು. ಹದಿನೈದು ವರ್ಷದಲ್ಲಿ ನಾನು ಏನನ್ನೂ ಅಳೆಯದೆ ಮಲಗಿದ ರಾತ್ರಿ ಅದೊಂದೇ. ಬೆಳಿಗ್ಗೆ, ಗುರುವಾರದ ಅಳತೆ ಇದೆಯಲ್ಲ ಎಂದು ಸರಪಳಿಯನ್ನು ಹಾಗೇ ಚೀಲಕ್ಕೆ ಹಾಕಿದೆ. ದಾರ ತೆಗೆಯಲಿಲ್ಲ. ಪೂಜೆಯ ದಾರವನ್ನು ನಾವಾಗಿ ಬಿಚ್ಚಬಾರದು, ತಾನಾಗಿ ಹರಿದು ಬೀಳಬೇಕು.

ಮೈದಾನದಲ್ಲಿ ಮೈಸೂರಿನವನು ಅದನ್ನು ನೋಡಿದ. “ಏನ್ ಗುರು, ಚೈನ್‌ಗೆ ಕಂಕಣ ಕಟ್ಟಿದ್ಯಾ? ಮುಹೂರ್ತ ಎಷ್ಟೊತ್ತಿಗೆ?”

“ಎರಡು ಗಂಟೆಗೆ,” ಎಂದೆ. ಪಂದ್ಯ ಶುರುವಾಗುವ ಹೊತ್ತು ಅದು. ನನ್ನ ಜೀವನದಲ್ಲಿ ಸರಿಯಾದ ಸಮಯಕ್ಕೆ ಬಂದ ಏಕೈಕ ಹಾಸ್ಯ.

ಟ್ರಾಮಿನ ಹಿರಿಯರೂ ಕೇಳಿದರು, ಇದೇನು ಎಂದು. ನಮ್ಮ ಹಬ್ಬದ್ದು, ಒಳ್ಳೆಯದಾಗಲಿ ಅಂತ, ಎಂದೆ. ಅವರು ಟೋಪಿಯ ಅಂಚು ಮುಟ್ಟಿ ಸರಪಳಿಗೆ ವಂದಿಸಿದರು.

ಪಂದ್ಯಕ್ಕೆ ಮೊದಲು ರೆಫರಿ ಸರಪಳಿಯನ್ನು ಪರೀಕ್ಷಿಸಬೇಕು. ಮೈದಾನದ ಮೇಲೆ ಐದೈದು ಗಜಕ್ಕೆ ಬಿಳಿ ಗೆರೆ ಎಳೆದಿರುತ್ತಾರೆ. ಒಂದು ಗೆರೆಯ ಮೇಲೆ ಹಿಂದಿನ ಕೋಲು ಇಟ್ಟು ಎಳೆದರೆ, ಮುಂದಿನ ಕೋಲು ಅಲ್ಲಿಂದ ಎರಡನೆಯ ಗೆರೆಯ ಮೇಲೆ ಕೂರಬೇಕು. ಕೂರಲಿಲ್ಲ. ಮೂವತ್ತು ಗಜದ ಗೆರೆಗಿಂತ ನಾಲ್ಕು ಬೆರಳಷ್ಟು ಈಚೆಗೇ ನಿಂತಿತು.

“ಗೆರೆ ಯಾರು ಎಳೆದದ್ದು?” ಎಂದರು ರೆಫರಿ.

ಕೋಚ್ ಎಳೆದದ್ದು. ಶುಕ್ರವಾರ ಬೆಳಿಗ್ಗೆಯಿಂದ ಒಬ್ಬರೇ, ಗೂಟ ನೆಟ್ಟು, ಹಗ್ಗ ಕಟ್ಟಿ, ಬಣ್ಣದ ಗಾಡಿ ತಳ್ಳಿಕೊಂಡು. ಪ್ರತಿ ಪಂದ್ಯಕ್ಕೂ ಅವರೇ ಎಳೆಯುತ್ತಿದ್ದರು, ಬೇರೆಯವರಿಗೆ ಬಿಡುತ್ತಿರಲಿಲ್ಲ.

“ಚೈನ್ ಸರಿ ಇದೆಯೇ?” ಎಂದು ರೆಫರಿ ನನ್ನ ಕಡೆ ತಿರುಗಿದರು.

ಇಲ್ಲಿ ನಾನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ: “ಗುರುವಾರ ನಾನೇ ಅಳೆದಿದ್ದೇನೆ. ನನ್ನ ಉದ್ಯೋಗವೇ ಅದು. ಒಂದು ಮಿಲಿಮೀಟರ್ ತಪ್ಪಿಲ್ಲ.”

“ಸರಿ. ಉಕ್ಕು ಸುಳ್ಳು ಹೇಳುವುದಿಲ್ಲ, ಬಣ್ಣ ಹೇಳುತ್ತೆ,” ಎಂದು ರೆಫರಿ ಬರೆದುಕೊಂಡರು.

ಕೋಚ್ ಬಗ್ಗಿ ಗೆರೆಯನ್ನು ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. “ನಲವತ್ತು ವರ್ಷದಲ್ಲಿ ತಪ್ಪಿರಲಿಲ್ಲ. ಕೊನೆಗೂ ತಪ್ಪಿತು,” ಎಂದರು, ಯಾರಿಗೂ ಅಲ್ಲ. ನನಗೆ ಅವರ ಮೇಲೆ ಕನಿಕರ ಬಂತು. ವಯಸ್ಸಾದವರು, ಆಗುತ್ತದೆ ಎಂದುಕೊಂಡೆ. ಕೈಲಿ ಆ ಸರಪಳಿಯನ್ನೇ ಹಿಡಿದುಕೊಂಡು ಹೀಗೆ ಅಂದುಕೊಂಡೆ.

ಪಂದ್ಯದ ವಿವರ ಬೇಡ. ಕೊನೆಯ ಹತ್ತು ನಿಮಿಷಕ್ಕೆ ನಾವು ಮೂರು ಅಂಕ ಮುಂದಿದ್ದೆವು. ಚೆಂಡು ಎದುರಾಳಿಗಳ ಬಳಿ. ಅವರು ಪಶ್ಚಿಮದ ಗೋಲಿನ ಕಡೆ ಬರುತ್ತಿದ್ದರು. ಮೂರು ಅವಕಾಶ ಮುಗಿದು ನಾಲ್ಕನೆಯದು. ಅವರ ಆಟಗಾರ ನಮ್ಮ ಸಾಲಿನ ನಡುವೆ ತಲೆ ತೂರಿಸಿದ, ಮೈಸೂರಿನವನು ಅವನ ಮೇಲೆ ಬಿದ್ದ, ಎಲ್ಲರೂ ಎಲ್ಲರ ಮೇಲೆ ಬಿದ್ದರು. ಗುಡ್ಡೆ ಕರಗಿದಾಗ ಚೆಂಡು ಸಿಕ್ಕಿತು. ರೆಫರಿ ಅದನ್ನು ಹುಲ್ಲಿನ ಮೇಲಿಟ್ಟು, ನಮ್ಮನ್ನು ಒಳಗೆ ಕರೆದರು.

ನಾವು ನಡೆದುಹೋದೆವು. ಹಿರಿಯರು ಹಿಂದಿನ ಕೋಲನ್ನು ತಮ್ಮ ಜಾಗದಲ್ಲಿ ಊರಿದರು. ರೆಫರಿ ನನ್ನ ಕೈಯ ಮೇಲೆ ಕೈಯಿಟ್ಟು ಕೋಲನ್ನು ಎಳೆದರು. ಸರಪಳಿ ಹುಲ್ಲಿನಿಂದ ಮೇಲೆದ್ದಿತು. ಅಷ್ಟು ಹೊತ್ತು ಎಳೆದಾಡಿದ್ದರಿಂದ ವೀಳ್ಯದೆಲೆಯೂ ಕೊಂಬೂ ಎಲ್ಲೋ ಕಳಚಿಹೋಗಿದ್ದವು. ಅವು ಮುಚ್ಚಿದ್ದದ್ದು ಈಗ ಬರಿದಾಗಿ ಕಾಣಿಸಿತು: ಬಿಡಿಸಿಕೊಳ್ಳದೆ ಉಳಿದ ಒಂದು ಮಡಿಕೆ.

ಆರು ಸೆಕೆಂಡು. ಮೊದಲನೆಯದರಲ್ಲಿ ಕಂಡೆ. ಎರಡನೆಯದರಲ್ಲಿ ಅರ್ಥವಾಯಿತು. ಮೂರನೆಯದರಲ್ಲಿ ಕುಣಿಕೆಯ ಉದ್ದ ಎಷ್ಟಿರಬಹುದೆಂದು ಅಂದಾಜು ಮಾಡಿದೆ. ನಾಲ್ಕನೆಯದರಲ್ಲಿ ಅಂದಾಜು ಸಾಲದು, ಅಳೆದೇ ಹೇಳಬೇಕು ಎನ್ನಿಸಿತು. ಐದನೆಯದರಲ್ಲಿ, ಒಂದು ಮಿಲಿಮೀಟರ್ ತಪ್ಪಿಲ್ಲ ಎಂದವನು ಇವನೇ ಅಲ್ಲವೇ ಎಂದು ರೆಫರಿ ನನ್ನ ಕಡೆ ತಿರುಗುವ ಮುಖ ಕಂಡಂತಾಯಿತು. ಆರನೆಯದರಲ್ಲಿ ರೆಫರಿ ಬಗ್ಗಿ ನೋಡಿದರು. ಚೆಂಡಿನ ಮೂತಿ ಕೋಲನ್ನು ದಾಟಿತ್ತು. ಎರಡು ಬೆರಳು.

ರೆಫರಿಯ ತೋಳು ಪಶ್ಚಿಮಕ್ಕೆ ಚಾಚಿತು. ಎದುರಾಳಿಗಳಿಗೆ ಮತ್ತೆ ನಾಲ್ಕು ಅವಕಾಶ ಸಿಕ್ಕಿತು. ಮೂರನೆಯದರಲ್ಲಿ ಅವರು ಗೋಲಿನ ಗೆರೆ ದಾಟಿದರು. ಆಮೇಲೆ ನಮಗೆ ಹೊತ್ತು ಉಳಿಯಲಿಲ್ಲ. ನಾಲ್ಕು ಅಂಕದಿಂದ ಸೋತೆವು.

ಸಾಮಾನಿನ ಕೋಣೆಯಲ್ಲಿ ಮೈಸೂರಿನವನು ಹೆಲ್ಮೆಟ್ ತೆಗೆಯದೆ ಬೆಂಚಿನ ಮೇಲೆ ಕೂತಿದ್ದ. ಹೆಲ್ಮೆಟ್ಟಿನೊಳಗೆ ಅಳುತ್ತಿದ್ದ. ಕೋಚ್ ರೆಫರಿಗೆ ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ರೆಫರಿ ಅಲ್ಲೇ ಕೂತು ಐದು ಗಂಟೆಯವರೆಗೆ ಕುಡಿದರು. ನಾನು ಅವರಿಂದ ಎರಡು ಮೀಟರ್ ದೂರದಲ್ಲಿ ಸರಪಳಿ ಸುತ್ತುತ್ತಿದ್ದೆ.

“ಏನೂ ಮಾಡೋಕಾಗಲ್ವಾ?” ಎಂದು ಯಾರೋ ಕೇಳಿದರು.

“ನಿಯಮದಲ್ಲಿ ತಪ್ಪಾಗಿದ್ದರೆ ದೂರು ಕೊಡಬಹುದು,” ಎಂದರು ಕೋಚ್. “ಬರಹದಲ್ಲಿ, ನನ್ನ ಸಹಿಯೊಂದಿಗೆ, ಮಂಗಳವಾರ ಮಧ್ಯಾಹ್ನ ಹನ್ನೆರಡರೊಳಗೆ ಲೀಗ್ ಕಚೇರಿಗೆ ತಲುಪಬೇಕು. ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತಿಗೆ, ಏನು ಕಂಡೆ, ಬೇರೆ ಯಾರು ಕಂಡರು, ಎಲ್ಲ ಬರೆಯಬೇಕು. ಆದರೆ ಯಾರು ಏನು ಕಂಡಿದ್ದಾರೆ? ಏನೂ ಇಲ್ಲ.”

ಸರಪಳಿಯನ್ನು ಚೀಲಕ್ಕೆ ತುಂಬಿ ಮನೆಗೆ ತಂದೆ. ತುಕ್ಕು ನೋಡಬೇಕು ಎಂದೆ. ಯಾರೂ ಕೇಳಿರಲಿಲ್ಲ.

ಹೆಂಡತಿಗೆ ಬಾಗಿಲಲ್ಲೇ ಹೇಳಿದೆ. ಅವಳು ಕುಣಿಕೆ ನೋಡಿದಳು, ಬಾಯಿಗೆ ಸೆರಗು ತಂದುಕೊಂಡಳು. ನಕ್ಕಳೋ ಹೆದರಿದಳೋ ಗೊತ್ತಾಗಲಿಲ್ಲ. ಆಮೇಲೆ ನನ್ನ ಫೋನು ತಂದು ಕೈಗಿಟ್ಟಳು.

“ಈಗ ಫೋನ್ ಮಾಡ್ರಿ. ನಾ ದಾರ ಕಟ್ಟೀನಿ, ಸರಪಳಿ ಗಿಡ್ಡಾತು, ತಪ್ಪಾತು. ಮೂರು ಮಾತು.”

“ಎಷ್ಟು ಗಿಡ್ಡ ಅಂತ ಕೇಳಿದರೆ?”

“ನಾಕ ಬೆರಳು ಅನ್ರಿ.”

“ಯಾರ ಬೆರಳು?” ಎಂದೆ. ಅವಳು ಒಳಗೆ ಹೋದಳು.

ಭಾನುವಾರ ನೆಲಮಾಳಿಗೆಯಲ್ಲಿ ಗಂಟು ಸಮೇತ ಅಳೆದೆ: ಏಳೂವರೆ ಸೆಂಟಿಮೀಟರ್ ಕಡಿಮೆ. ಮೂರು ಸಲ ಅಳೆದೆ. ಆದರೆ ರೆಫರಿ ಎಳೆದ ಬಲಕ್ಕೂ ನಾನು ಎಳೆದ ಬಲಕ್ಕೂ ವ್ಯತ್ಯಾಸ ಇರಬಹುದಲ್ಲ? ಸೋಮವಾರ ಕಚೇರಿಯಿಂದ ಬಲ ಅಳೆಯುವ ಯಂತ್ರ ತಂದೆ. ಸಂಜೆ ಬೆಳಕಿರುವಾಗ ಮೈದಾನಕ್ಕೆ ಹೋಗಿ ಕೋಚ್ ಎಳೆದ ಗೆರೆಗಳನ್ನೂ ಅಳೆದೆ, ಎಲ್ಲವನ್ನೂ, ಈ ತುದಿಯಿಂದ ಆ ತುದಿಗೆ. ರಾತ್ರಿ ಬರೆಯಲು ಕೂತೆ. ಉಕ್ಕು ಚಳಿಗೆ ಎಷ್ಟು ಕುಗ್ಗುತ್ತದೆ ಎಂಬುದಕ್ಕೇ ಒಂದು ಪುಟ ಹೋಯಿತು. ಅದು ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಮಾಡುವುದಿಲ್ಲ ಎಂದು ಆ ಪುಟದ ಕೊನೆಯಲ್ಲಿ ಬರೆದೆ.

ಮಂಗಳವಾರ ರಜೆ ಹಾಕಿದೆ. ಹತ್ತೂವರೆಗೆ ಹೆಂಡತಿ ಕೋಣೆಗೆ ಬಂದಳು. ನಾನು ಕುಣಿಕೆಯ ಚಿತ್ರವನ್ನು ಮೂರನೆಯ ಸಲ ಬಿಡಿಸುತ್ತಿದ್ದೆ.

“ಹೊತ್ತು ನೋಡೀರೇನು?”

“ಈ ಅಳತೆಯೊಂದು ಮುಗಿಯಲಿ.”

“ಇದು ಅಳತಿ ಅಲ್ರೀ,” ಎಂದಳು. “ಅಂಜಿಕಿ.”

ನಾನು ಪೆನ್ಸಿಲ್ ಕೆಳಗಿಡಲಿಲ್ಲ. ಆಗ ಇಟ್ಟಿದ್ದರೂ ಹೊತ್ತಿತ್ತು. ಮನೆಯಿಂದ ಕೋಚ್ ಅವರ ಕೋಣೆಗೆ ಟ್ರಾಮಿನಲ್ಲಿ ಹದಿನೇಳು ನಿಮಿಷ.

ಹನ್ನೊಂದು ಪುಟ ತೆಗೆದುಕೊಂಡು ಸಾಮಾನಿನ ಕೋಣೆಯ ಬಾಗಿಲು ತಟ್ಟಿದಾಗ ಹನ್ನೆರಡು ಗಂಟೆ ನಲವತ್ತು ನಿಮಿಷ. ಕೋಚ್ ಹೆಲ್ಮೆಟ್ಟುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅದಕ್ಕೆ ಎರಡು ನಿಮಿಷ ಕೂಡ ಹಿಡಿಯಲಿಲ್ಲ. ಅವರು ಮೊದಲು ಗೋಡೆ ಗಡಿಯಾರ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಶನಿವಾರ ರೆಫರಿ ಈ ಕುರ್ಚಿಯಲ್ಲೇ ಕೂತಿದ್ದ,” ಎಂದರು. “ಐದರವರೆಗೆ.”

“ಗೊತ್ತು.”

“ನೀನು ಅಲ್ಲಿ ನಿಂತಿದ್ದೆ.”

“ಹೌದು.”

ಅವರು ಪೆಟ್ಟಿಗೆಯ ಮೇಲೆ ಕೂತು ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದರು. ಹನ್ನೊಂದು ಪುಟವನ್ನೂ ಓದಿದರು. ಯಾರೂ ಅದನ್ನು ಅಷ್ಟು ಗಮನವಿಟ್ಟು ಓದಬೇಕೆಂದು ನಾನು ಬರೆದಿರಲಿಲ್ಲ ಎಂದು ಆಗ ನನಗೆ ತಿಳಿಯಿತು. ದೂರು ಕೊಟ್ಟಿದ್ದರೆ ಗೆಲ್ಲುತ್ತಿದ್ದೆವೋ? ಗೊತ್ತಿಲ್ಲ. ಸ್ವಂತ ಸರಪಳಿಯ ಮೇಲೆ ಸ್ವಂತ ತಂಡವೇ ದೂರು ಕೊಟ್ಟದ್ದು ಆ ಫೈಲುಗಳಲ್ಲಿ ಎಲ್ಲೂ ಇಲ್ಲ. ಲೀಗಿನವರು ನಗುತ್ತಿದ್ದರೋ, ಮರುಪಂದ್ಯ ಆಡಿಸುತ್ತಿದ್ದರೋ. ಅದನ್ನು ತಿಳಿಯುವ ಅವಕಾಶವನ್ನು ನಲವತ್ತು ನಿಮಿಷದಿಂದ ತಪ್ಪಿಸಿದವನು ನಾನು.

ಏಳನೆಯ ಪುಟದಲ್ಲಿ ಅವರ ಬೆರಳು ನಿಂತಿತು. ಅದು ಮೈದಾನದ ಗೆರೆಗಳ ಪುಟ.

“ಇದೇನಿದು?”

“ನಿಮ್ಮ ಗೆರೆಗಳು. ಸೋಮವಾರ ಅಳೆದೆ.”

“ಅರ್ಥವಾಗೋ ಜರ್ಮನ್‌ನಲ್ಲಿ ಹೇಳು. ಅಂಕಿ ಬೇಡ.”

“ಗೆರೆ ಸರಿ ಇದ್ದವು. ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ಸರಪಳಿ.”

“ಮೂವತ್ತರ ಗೆರೆಯೂ?”

“ಮೂವತ್ತರ ಗೆರೆಯೂ.”

ಅವರು ಕನ್ನಡಕ ತೆಗೆದರು. “ಇನ್ನೊಂದು ಸಲ ಹೇಳು,” ಎಂದರು.

ಹೇಳಿದೆ.

“ಮೂರು ರಾತ್ರಿ ನಿದ್ದೆ ಮಾಡಿಲ್ಲ ನಾನು,” ಎಂದರು. “ತಂಡ ಹೋಯಿತು ಅಂತಲ್ಲ. ಅದು ಹೋಗುತ್ತೆ ಅಂತ ಎರಡು ವರ್ಷದಿಂದ ಗೊತ್ತಿತ್ತು. ಕೊನೆ ಕೊನೆಗೆ ಗೆರೆ ಎಳೆಯೋದನ್ನೂ ಕೆಡಿಸಿದೆನಲ್ಲ ಅಂತ.” ಪುಟಗಳನ್ನು ಹಿಂದಕ್ಕೆ ಮಗುಚಿ ಮತ್ತೆ ಹೇಳಿದರು: “ಚೆಂಡನ್ನು ಹುಲ್ಲಿನ ಮೇಲಿಟ್ಟವನು ಇಪ್ಪತ್ತು ಹೆಜ್ಜೆ ದೂರದಿಂದ ಓಡಿ ಬಂದು, ಕಣ್ಣಂದಾಜಿನಲ್ಲಿ ಇಟ್ಟ. ಒಂದು ಮೊಳ ಆಚೆ ಈಚೆ ಆಗಿರುತ್ತೆ. ಪ್ರತಿ ಸಲವೂ ಆಗುತ್ತೆ. ಅದರ ಮೇಲೆ ನೀನು ಉಕ್ಕು ಎಷ್ಟು ಕುಗ್ಗುತ್ತೆ ಅಂತ ಒಂದು ಪುಟ ಬರೆದಿದ್ದೀಯ.”

ನಾನು ನಕ್ಕೆ. ಅವರು ನಗಲಿಲ್ಲ. ಕ್ಷಮಿಸಿದೆ ಎಂದು ಅವರು ಅವತ್ತು ಹೇಳಲಿಲ್ಲ, ಆಮೇಲೂ ಹೇಳಿಲ್ಲ. ರಂಧ್ರ ಹೊಡೆಯುವ ಯಂತ್ರ ತೆಗೆದು, ಹನ್ನೊಂದು ಪುಟಗಳ ಅಂಚನ್ನು ಮೇಜಿಗೆ ತಟ್ಟಿ ಸಮ ಮಾಡಿ, ಎರಡು ಕಂತಿನಲ್ಲಿ ರಂಧ್ರ ಹೊಡೆದು, ಮೂರನೆಯ ಫೈಲಿನಲ್ಲಿ ಕಾಲೇಜಿನ ಎರಡು ಸಾಲಿನ ಪತ್ರದ ಮೇಲೆ ಪೋಣಿಸಿದರು. ಏಳನೆಯ ಪುಟವನ್ನು ಮಾತ್ರ ಬೇರೆ ತೆಗೆದಿಟ್ಟುಕೊಂಡರು. ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಲವತ್ತು ವರ್ಷದ ತಂಡದ ಚರಿತ್ರೆಯ ಕೊನೆಯ ಕಾಗದ ನನ್ನದು. ಹತ್ತು ಪುಟ.

ಸರಪಳಿ ನಮ್ಮ ನೆಲಮಾಳಿಗೆಯಲ್ಲಿದೆ. ಕೋಚ್ ವಾಪಸ್ಸು ಕೇಳಲಿಲ್ಲ. ಹೋದ ಆಯುಧಪೂಜೆಗೂ ಅದಕ್ಕೆ ಕುಂಕುಮ ಇಟ್ಟೆವು. ದಾರವನ್ನು ಹೆಂಡತಿ ನನ್ನ ಕೈಗೆ ಕೊಡಲಿಲ್ಲ.

ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತಿಗೆ, ಏನು ಕಂಡೆ ಎಂದು ಹೇಳಿಯಾಯಿತು. ಇನ್ನು ಬೇರೆ ಯಾರು ಕಂಡರು ಎಂಬುದು. ಆಚೆ ತುದಿಯ ಕೋಲು ಹಿಡಿದಿದ್ದ ಟ್ರಾಮಿನ ಹಿರಿಯರು ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಕುಣಿಕೆ ನನಗಿಂತ ಅವರಿಗೆ ಹತ್ತಿರವಿತ್ತು, ಅವರು ಕಂಡಿದ್ದರೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಗಂಟು ಹಾಕಿದ್ದನ್ನು ಕಂಡವಳು ನನ್ನ ಹೆಂಡತಿ, ಇದ್ದಾಳೆ, ಈಗ ಪಕ್ಕದ ಕೋಣೆಯಲ್ಲಿ ಇದು ಎಷ್ಟು ಪುಟವಾಯಿತೆಂದು ಕೇಳುತ್ತಿದ್ದಾಳೆ. ಕಂಕಣ ಕಂಡ ಮೈಸೂರಿನವನು ಈಗ ಉಂಟರ್‌ಫ್ಯೋರಿಂಗ್ ಎಂಬ ಇಲ್ಲಿನದೇ ಇನ್ನೊಂದು ಊರಿನಲ್ಲಿ ಕೆಲಸದಲ್ಲಿದ್ದಾನೆ, ಮದುವೆಯಾಗಿದ್ದಾನೆ; ಅವನ ಕಂಕಣದ ಗಂಟನ್ನು ನಾನು ಮುಟ್ಟಲಿಲ್ಲ. ಸರಪಳಿ ನಾಲ್ಕು ಬೆರಳು ಈಚೆಗೆ ನಿಂತದ್ದನ್ನು ಕಂಡ ರೆಫರಿ ಎಲ್ಲೋ ಇದ್ದಾರೆ. ಮತ್ತು ಕೋಚ್ ಇದ್ದಾರೆ, ಬೆನ್ನು ಇನ್ನಷ್ಟು ಬಾಗಿದೆ. ಈಗ ಬೇರೆಯವರು ಆಡುವ ಆ ಮೈದಾನಕ್ಕೆ ಶುಕ್ರವಾರ ಬೆಳಿಗ್ಗೆ ಹೋಗಿ, ಗೂಟ ನೆಟ್ಟು, ಹಗ್ಗ ಕಟ್ಟಿ, ಅವರಿಗೂ ಗೆರೆ ಎಳೆದುಕೊಡುತ್ತಾರೆ.